ಬೆಟ್ಟದ ಪಾಲು

ಹುತ್ರಿದುರ್ಗದ ಮಹಾಲಿಂಗಯ್ಯ ನಾರುಬೇರಿನ ಔಷಧ ಕೊಡುತ್ತಿದ್ದವನು. ಯಾವ ಗಿಡ ಅಗೆದರೂ ಕಡೆಯದೊಂದನ್ನು ಬೆಟ್ಟದ ಪಾಲೆಂದು ಬಿಟ್ಟು ಬರುವುದು ಅವನ ಮನೆತನದ ಕಟ್ಟಳೆ.

೧೯೬೧ರಲ್ಲಿ ಗಿಡಗಳ ಸಂಶೋಧನೆಗೆ ಬಂದ ಕಾಲೇಜು ಮೇಷ್ಟ್ರಿಗೆ ಅವನು ಬಂಡೆ ಸಂದಿಯ ನೀಲಿ ಹೂವಿನ ಗಿಡವೊಂದನ್ನು ತೋರಿಸಿದ. ಆ ಜಾತಿಯಲ್ಲಿ ಉಳಿದಿದ್ದದ್ದು ಅದೊಂದೇ.

"ಯಾವ ಪುಸ್ತಕದಲ್ಲೂ ಇಲ್ಲದ ಗಿಡ ಕಣಯ್ಯ. ಬೇರುಸಮೇತ ಕೊಡು, ನಿನ್ನ ಹೆಸರೂ ಅಚ್ಚಾಗುತ್ತೆ" ಎಂದರು ಮೇಷ್ಟ್ರು.

"ಅದು ಬೆಟ್ಟದ್ದು ಸ್ವಾಮಿ" ಎಂದನಾದರೂ, ಹೆಬ್ಬೆಟ್ಟು ಒತ್ತುವ ಮನುಷ್ಯನಿಗೆ ಅಚ್ಚಿನ ಹೆಸರೆಂದಾಗ ಎದೆ ಬೆಣ್ಣೆಯಾಯಿತು. ಕಿತ್ತುಕೊಟ್ಟ.

ಮೂರು ಮಳೆಗಾಲ ಬೆಟ್ಟ ಹತ್ತಿ ನೋಡಿದ. ಸಂದಿಯಲ್ಲಿ ಬರೀ ಪಾಚಿ.

ನಾಲ್ಕನೆಯ ವರ್ಷ ಮೇಷ್ಟ್ರು ಪುಸ್ತಕ ತಂದು, ಗಿಡದ ಚಿತ್ರದ ಕೆಳಗೆ ಅವನ ಹೆಸರನ್ನು ಬೆರಳಿಟ್ಟು ತೋರಿಸಿದರು.

"ಹೊಡೆದಾಕ್ಬುಡಿ ಸ್ವಾಮಿ. ಬೆಟ್ಟದ ಪಾಲು ತಿಂದೋನ ಹೆಸ್ರು ಅದು" ಎಂದ ಮಹಾಲಿಂಗಯ್ಯ.

ಆಮೇಲೆ ಯಾರು ಕಾಯಿಲೆಯೆಂದು ಬಂದರೂ ಅವನು ಬೆಟ್ಟ ಹತ್ತಲಿಲ್ಲ.