ಪ್ಲಂಬರನನ್ನು ನಂಬಿದ ನಾಯಿ

ನಮ್ಮ ಸೋದರತ್ತೆಗೆ ಬಳಗದಲ್ಲೆಲ್ಲ ಮೈಕಮ್ಮ ಎಂದು ಹೆಸರು. ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ಚೀಟಿಯ ನಂಬರು ಕೂಗುವುದು ಅವರ ಕೆಲಸ. ಅಲ್ಲಿನ ಸ್ಪೀಕರು ಕೆಟ್ಟು ಹನ್ನೊಂದು ವರ್ಷವಾಯಿತು. ರಿಪೇರಿ ಮಾಡಿಸಬೇಕೆಂದು ಇವತ್ತಿನವರೆಗೆ ಯಾರಿಗೂ ಅನ್ನಿಸಿಲ್ಲ. ಅತ್ತೆ "ಮುಂದಿನವರು!" ಎಂದರೆ ಒಳಗಿರುವ ಡಾಕ್ಟರೇ ಒಮ್ಮೊಮ್ಮೆ ಎದ್ದು ನಿಲ್ಲುತ್ತಾರಂತೆ. ಕಿವಿ ಕೇಳಿಸುವುದಿಲ್ಲ ಎಂದು ಬಂದವರು ಗುಣವಾಗಿ ಬಾಗಿಲಿಂದಲೇ ವಾಪಸಾಗುತ್ತಾರೆ ಎನ್ನುವುದು ನನ್ನಪ್ಪನ ಸೇರ್ಪಡೆ.

ಇಂಥ ಅತ್ತೆ ಐವತ್ನಾಲ್ಕನೆಯ ವಯಸ್ಸಿನಲ್ಲಿ ನಾಯಿ ಸಾಕಲು ಹೊರಟರು. ಮರಿಯಲ್ಲ, ಏಳು ವರ್ಷದ ನಾಯಿ. ಯಾರೋ ಬಿಟ್ಟುಹೋದದ್ದು, 'ಶಾಂತ ಮನೆ ಬೇಕು' ಎಂದು ಆಶ್ರಯಧಾಮದವರು ಬೋರ್ಡು ಬರೆದು ಹಾಕಿದ್ದು. ಅತ್ತೆ ಮದುವೆಯಾದವರಲ್ಲ. ಅಣ್ಣಂದಿರ ಮಕ್ಕಳ ಮೂಗು ಒರೆಸಿ ಒರೆಸಿ ಎಲ್ಲರನ್ನೂ ದೊಡ್ಡವರನ್ನಾಗಿ ಮಾಡಿದರು. ಈಗ ಆ ಮೂಗುಗಳಿಗೆ, ಮುರಿಯುವುದಕ್ಕಾದರೂ ಅತ್ತೆಯ ಎರಡು ಕೋಣೆಯ ಮನೆ ಕಡೆ ಬರಲು ಪುರುಸೊತ್ತಿಲ್ಲ. ಅವುಗಳಲ್ಲಿ ಒಂದು ನನ್ನದು. ಎರಡೇ ಬೀದಿ ಆಚೆ ಇರುವವನು ನಾನು.

ಅರ್ಜಿ ತುಂಬಿದವನೂ ನಾನೇ. 'ಮನೆಯ ವಾತಾವರಣ ಶಾಂತವಾಗಿದೆಯೇ?' ಎಂಬಲ್ಲಿ ಪೆನ್ನು ನಿಂತಿತು.

"ಅದರಲ್ಲಿ ಯೋಚನೆ ಮಾಡೋದೇನೋ? ಒಬ್ಬಳೇ ಇರೋ ಮನೇಲಿ ಗಲಾಟೆ ಮಾಡೋರು ಯಾರಿದ್ದಾರೆ?" ಎಂದು ಅತ್ತೆ ಕೇಳಿದರು. ಎದುರು ಸಾಲಿನ ಅಂಗಡಿಯವನು ತನ್ನನ್ನೇ ಕೇಳಿದರೆಂದು ಇತ್ತ ತಿರುಗಿದ. ನಾನು 'ಹೌದು' ಎಂದು ಬರೆದೆ. ನಾನೇನೂ ಸತ್ಯಹರಿಶ್ಚಂದ್ರನ ತುಂಡಲ್ಲ.

ನಾಯಿ ಬಂತು. ಕಂದು ಮೈ, ಮಡಿಚಿದ ಒಂದು ಕಿವಿ. ಏನು ಹೇಳಿದರೂ 'ಫೈಲು ನೋಡಿ ತಿಳಿಸುತ್ತೇನೆ' ಎನ್ನುವ ಮುಖ ಮಾಡುತ್ತಿದ್ದುದರಿಂದ ಅದನ್ನು ಆಶ್ರಯಧಾಮದಲ್ಲಿ ಸಾಹೇಬರು ಎಂದೇ ಕರೆಯುತ್ತಿದ್ದರು. ಕರೆದುಕೊಂಡು ಬಂದ ಅಲ್ಲಿನ ಮೇಡಂ ಒಂದು ಷರತ್ತು ಹಾಕಿದರು: "ಎರಡು ವಾರ ನೋಡೋಣಮ್ಮ. ಊಟ ಮಾಡ್ತಾ ಇದ್ರೆ ಮನೆ ಒಗ್ಗಿದೆ ಅಂತ ಲೆಕ್ಕ. ಊಟ ಬಿಟ್ರೆ ವಾಪಸ್ ಕರ್ಕೊಂಡು ಹೋಗ್ಬೇಕಾಗುತ್ತೆ."

ಅಂದಿನಿಂದ ಅತ್ತೆ ಪಿಸುಮಾತು ಶುರುಮಾಡಿದರು. ಮೈಕಮ್ಮನ ಪಿಸುಮಾತೆಂದರೆ ಮಿಕ್ಕವರ ಜಗಳದ ದನಿ ಎನ್ನಿ. ಆದರೂ ಪ್ರಯತ್ನ ಪ್ರಯತ್ನವೇ. ಕಾಲಿಂಗ್ ಬೆಲ್ಲಿನೊಳಗೆ ಹತ್ತಿ ತುರುಕಿದರು. ಕುಕ್ಕರು ಕೂಗುವ ಮುಂಚೆಯೇ ಇಳಿಸಿ, ಬೇಯದ ಅನ್ನ ತಿಂದು ಹೊಟ್ಟೆನೋವು ತರಿಸಿಕೊಂಡರು. ಬೆಳಗ್ಗೆ "ಬರ್ತೀನಿ ಕಣಪ್ಪಾ" ಎಂದು ಸಾಹೇಬರ ತಲೆ ಸವರಿ ಡ್ಯೂಟಿಗೆ ಹೋದರೆ, ಸಾಹೇಬರು ಸಂಜೆ ಐದರವರೆಗೆ ಬಾಗಿಲಿಗೆ ಮುಖ ಮಾಡಿ ಕೂತಿರುತ್ತಿದ್ದರು. ಅತ್ತೆ ಬಂದ ಮೇಲೇ ತಟ್ಟೆಗೆ ಬಾಯಿ.

"ನೋಡೋ, ನಾನಿಲ್ದೆ ಒಂದು ತುತ್ತು ಇಳಿಯಲ್ಲ ಅದಕ್ಕೆ!" ಎಂದು ಅತ್ತೆ ಹಿಗ್ಗಿದರು. ಅವರು ಅಷ್ಟು ಹಿಗ್ಗಿದ್ದನ್ನು ನಾನು ನೋಡಿರಲಿಲ್ಲ.

ಎರಡನೆಯ ವಾರದ ಗುರುವಾರ ಸಂಜೆ ಪ್ಲಂಬರ್ ಬಂದ. ಅಡುಗೆಮನೆಯ ನಲ್ಲಿ ಬಿಚ್ಚಿ ಕಟ್ಟೆಯ ಮೇಲಿಟ್ಟ, ಇದ್ದಬದ್ದ ಸಾಮಾನನ್ನೆಲ್ಲ ಹರಡಿದ, ಆಮೇಲೆ "ವಾಷರ್ ತರ್ಬೇಕಮ್ಮ, ನಾಳೆ ಬರ್ತೀನಿ" ಎಂದು ಸಾಹೇಬರ ಬೆನ್ನು ತಟ್ಟಿ ಹೊರಟುಹೋದ. ಪ್ಲಂಬರನ 'ನಾಳೆ' ಎಂದರೇನು ಎಂದು ಹಾಲು ಕುಡಿಯುವ ಮಕ್ಕಳಿಗೂ ಗೊತ್ತು.

ಶನಿವಾರ ಬೆಳಗ್ಗೆ ಅತ್ತೆಯ ಫೋನು. "ಲೋ, ಇದು ಮೊನ್ನೆಯಿಂದ ತಟ್ಟೆ ಮುಟ್ಟಿಲ್ಲ ಕಣೋ. ರಜೆ ಹಾಕಿ ಮನೇಲೇ ಇದ್ದೀನಿ, ಆದ್ರೂ ಬಾಗಿಲು ಬಿಟ್ಟು ಏಳ್ತಿಲ್ಲ. ನಾಳೆ ಹತ್ತು ಗಂಟೆಗೆ ಆ ಮೇಡಂ ಬರ್ತಾರೆ. ಕರ್ಕೊಂಡು ಹೋಗ್ಬಿಡ್ತಾರೆ." ಅಷ್ಟನ್ನೂ ನಿಜವಾದ ಪಿಸುದನಿಯಲ್ಲಿ ಹೇಳಿದರು. ನನಗೆ ಭಯವಾಯಿತು.

ಹೋಗಿ ಆಶ್ರಯಧಾಮದವರು ಕೊಟ್ಟಿದ್ದ ಕಾಗದ ತೆಗೆದೆ. ರುಜು ಮಾಡಿಸಿದ್ದೆನೇ ಹೊರತು ನಾನದನ್ನು ಓದಿರಲಿಲ್ಲ. ಕೊನೆಯ ಸಾಲಿನಲ್ಲಿತ್ತು: 'ಹಳೆಯ ಯಜಮಾನರು ಮನೆ ಖಾಲಿ ಮಾಡುವಾಗ ಗೇಟಿಗೆ ಕಟ್ಟಿ, "ಬರ್ತೀನಿ" ಎಂದು ಹೇಳಿ ಹೋದರು. ನಾಲ್ಕು ದಿನ ಏನೂ ತಿನ್ನದೆ ಅಲ್ಲೇ ಕೂತಿತ್ತು.'

ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬಾಗಿಲ ಕಡೆ ನೋಡಿದರು. "ಅಯ್ಯೋ ನನ್ನಪ್ಪ! ಇದು ಆ ಪ್ಲಂಬರಿಗೆ ಕಾಯ್ತಾ ಇದೆ!"

ಹೊರಡುವಾಗ 'ಹೋಗ್ತೀನಿ' ಎನ್ನಬಾರದೆಂದು ನಮ್ಮ ಬಾಯಿಗೆ ಹುಟ್ಟಿದಾಗಿನಿಂದ ಪಾಠವಾಗಿದೆ. ಹೋಗುವುದಕ್ಕೆ 'ಬರ್ತೀನಿ' ಎನ್ನುವ ಜನ ನಾವು. ಹಾಲಿನವನು, ಪಕ್ಕದ ಮನೆಯವರು, ಇನ್ಶೂರೆನ್ಸಿನವನು, ಎಲ್ಲರೂ ಬರುತ್ತೇವೆಂದೇ ಹೋಗುತ್ತೇವೆ. ಅದನ್ನು ಅಕ್ಷರಶಃ ನಂಬಿದವರು ಈ ಸಾಹೇಬರೊಬ್ಬರೇ.

ಪ್ಲಂಬರ್ ಮೂರು ಬೀದಿ ಆಚೆ ಇನ್ಯಾರದೋ ಬಚ್ಚಲುಮನೆಯಲ್ಲಿ ಪಾನಾ ಹಾಕಿ ನಲ್ಲಿ ಬಿಚ್ಚುತ್ತಿದ್ದ. ಅತ್ತೆಯನ್ನು ಕಂಡದ್ದೇ "ಅಮ್ಮಾ, ನಾಳೆ ಖಂಡಿತ ಬರ್—" ಎಂದ.

"ಇನ್ನೊಂದು ಸಲ ಆ ಮಾತು ಆಡಿದ್ರೆ ನಿನ್ನ ಪಾನಾದಲ್ಲೇ ನಿನ್ನ ಬಾಯಿ ಬಿಗೀತೀನಿ! ನಡಿ!"

ಹದಿನಾಲ್ಕು ದಿನ ತಡೆದಿದ್ದ ದನಿ ಅದು. ಅವನು ಪಾನಾ ಹಿಡಿದುಕೊಂಡೇ ನಡೆದ. ಸಾಹೇಬರು ಅವನ ಪ್ಯಾಂಟನ್ನು ಮೂಸಿದರು, ಒಂದು ಸಲ ಬಾಲ ಆಡಿಸಿದರು, ನೇರ ಹೋಗಿ ಮೊಟ್ಟೆ ಕಲೆಸಿದ ಅನ್ನಕ್ಕೆ ಬಾಯಿ ಹಾಕಿದರು. ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು.

"ನನ್ನ ಹೆಂಡ್ತಿ ಕೂಡ ಹಿಂಗೆ ಕಾಯಲ್ಲಮ್ಮ," ಎಂದ ಪ್ಲಂಬರ್. ನಾಚಿಕೆಗೋ ಏನೋ, ಬಂದ ಕೈಯಲ್ಲೇ ನಲ್ಲಿಯನ್ನೂ ಕೂಡಿಸಿದ. ವಾಷರು ಅವನ ಜೇಬಿನಲ್ಲೇ ಇತ್ತು.

ಹೊರಡುವಾಗ ಅವನ ಬಾಯಿ ತೆರೆಯಿತು. "ಹೋಗ್ತೀನಿ ಅನ್ನು!" ಎಂದರು ಅತ್ತೆ.

"ಅಪಶಕುನ ಅಲ್ವಾಮ್ಮ?"

"ಅನ್ನೋ!"

"ಹೋಗ್ತೀನಿ," ಎಂದು ಅವನು ಸತ್ತ ದನಿಯಲ್ಲಿ ಹೇಳಿದ. ಸಾಹೇಬರು ಚಾಪೆಯ ಮೇಲೆ ಹಾಯಾಗಿ ಮೈಚಾಚಿದರು.

ಇಷ್ಟೆಲ್ಲ ಕಣ್ಣಾರೆ ಕಂಡ ಬುದ್ಧಿವಂತ ನಾನು, ಚಪ್ಪಲಿ ಮೆಟ್ಟುತ್ತ, ಹಾಳು ಅಭ್ಯಾಸ, "ನಾಳೆ ಬರ್ತೀನಿ ಅತ್ತೆ" ಎಂದೆ. ಹೋದ ವಾರವೂ ಫೋನಿನಲ್ಲಿ ಅಂದಿದ್ದೆ, ಅದರ ಹಿಂದಿನ ವಾರವೂ. ಗೇಟು ದಾಟಿ ತಿರುಗಿದರೆ ಸಾಹೇಬರು ಎದ್ದು ಬಾಗಿಲಿಗೆ ಬಂದು ಕೂತಿದ್ದರು.

ಭಾನುವಾರ ಬೆಳಗ್ಗೆ ಹಾಸಿಗೆ ಬಿಡುವ ಮನಸ್ಸಿರಲಿಲ್ಲ. ನಾಯಿ ತಾನೇ, ಹಸಿವಾದರೆ ತಿನ್ನುತ್ತದೆ ಎಂದು ಮಗ್ಗುಲು ಬದಲಿಸಿದೆ. ಆ ಮಡಿಚಿದ ಕಿವಿ ಕಣ್ಣಿಗೆ ಕಟ್ಟಿತು. ಒಂಬತ್ತೂ ಮುಕ್ಕಾಲಿಗೆ, ಹಲ್ಲನ್ನೂ ಉಜ್ಜದೆ ಓಡಿದೆ.

ಸಾಹೇಬರು ಹೊಸ್ತಿಲಲ್ಲೇ ಇದ್ದರು. ನನ್ನ ಕಾಲು ಮೂಸಿದರು, ಒಳಗೆ ಹೋದರು, ರಾತ್ರಿಯ ತಟ್ಟೆ ಖಾಲಿ ಮಾಡಿದರು. ಮೇಡಂ ಗೇಟು ತೆಗೆದಾಗ ಅದರ ತಳ ನೆಕ್ಕುತ್ತಿದ್ದರು.

"ಚೆನ್ನಾಗಿ ಒಗ್ಗಿಕೊಂಡಿದೆಯಲ್ಲ! ಶಾಂತವಾದ ಮನೆ," ಎಂದು ಮೇಡಂ ರುಜು ಹಾಕಿ ಎದ್ದರು. "ಸರಿ, ಬರ್—"

"ಹೋಗ್ತೀನಿ ಅನ್ನಿ!" ಎಂದು ನಾನೂ ಅತ್ತೆಯೂ ಒಟ್ಟಿಗೆ ಕಿರುಚಿದೆವು. ಆ ಹೆಂಗಸು ಏನೂ ಅನ್ನದೆ ಓಡಿದರು.

ನಗುತ್ತ ನೀರು ಕುಡಿಯಲು ಒಳಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಎರಡು ತಟ್ಟೆ ಬೋರಲು ಹಾಕಿತ್ತು, ಪಕ್ಕದಲ್ಲಿ ಮುಚ್ಚಿಟ್ಟ ಪಾತ್ರೆ.

"ನಾನು ಬರ್ತೀನಿ ಅಂತ ಗೊತ್ತಿತ್ತಾ ಅತ್ತೆ?"

"ಗೊತ್ತಿರಲಿಲ್ಲ," ಎಂದರು ಅತ್ತೆ ಮೆಲ್ಲಗೆ. "ಪ್ರತಿ ಭಾನುವಾರ ಎರಡು ಹಾಕ್ತೀನಿ. ನಾನೇನು ನಾಯಿ ಥರ ಉಪವಾಸ ಕೂರಲ್ಲ. ಮಧ್ಯಾಹ್ನದವರೆಗೆ ನೋಡಿ ಒಂದನ್ನ ಎತ್ತಿಡ್ತೀನಿ."

ನನಗೆ ಅಳು ಬಂತು. ಅದನ್ನು ನೋಡಲಾಗದೆ ಅತ್ತೆ ಗೋಡೆ ಅದುರುವಂತೆ "ಮುಂದಿನವರು!" ಎಂದು ಕೂಗಿದರು. ಸಾಹೇಬರು ಬೆಚ್ಚಲಿಲ್ಲ, ಒಂದು ಕಣ್ಣಷ್ಟೇ ತೆರೆದರು. ನಾನು ತಟ್ಟೆ ತಿರುಗಿಸಿ ಕೂತೆ.