ಹತ್ತದೆ ನಿಂತವರು

ನನ್ನ ಕಾಕುವಿನ ಕಾಲು ಹೋದದ್ದು ಅವಳ ತಪ್ಪಿನಿಂದಲ್ಲ, ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸುತ್ತಿ ಬಳಸಿ ಮಾತಾಡಿ ತಪ್ಪಿಸಿಕೊಳ್ಳುವ ಚಟ ನನಗಿದೆ. ಅವಳನ್ನು ನಾನು ಗಾಡಿಯ ಕೆಳಗೆ ದಬ್ಬಲಿಲ್ಲ — ಆ ಹೊತ್ತು ಬೆಳಗಾವಿಯ ನನ್ನ ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಆದರೂ ನಾನೇ. ಕಂಪ್ಯೂಟರಿನ ಒಂದು ಸಣ್ಣ ಚೌಕದೊಳಗೆ ಗುರುತು ಹಾಕಿ ಮಾಡಿದೆ. ಮಾಡಿ, ಮೂರು ವರ್ಷ ಬಾಯಿ ಮುಚ್ಚಿಕೊಂಡು ಕೂತೆ. ಅವಳೇ ಅವಸರ ಮಾಡಿದಳು ಎಂದು ಊರವರು ಅಂದಾಗ ನಾನೂ ತಲೆಯಾಡಿಸಿದೆ.

ನನ್ನ ಕೆಲಸವೇನೆಂದು ಹೇಳಬೇಕು. ಗಾಡಿಯನ್ನು ಹಳಿಯ ಮೇಲೆ ಓಡಿಸುವ ಮೊದಲು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಗುತ್ತಿಗೆ ಕಚೇರಿ ನಮ್ಮದು. ಸ್ಟೇಷನ್ನು, ಡಬ್ಬಿ, ಬಾಗಿಲು, ಪ್ರಯಾಣಿಕರು — ಎಲ್ಲವನ್ನೂ ಪರದೆಯ ಮೇಲೆ ಕಟ್ಟುತ್ತೇವೆ. ಪ್ರಯಾಣಿಕರೆಂದರೆ ಸಣ್ಣ ಸಣ್ಣ ಗೊಂಬೆಗಳು. ಗಾಡಿ ಬಂದು ನಿಲ್ಲುತ್ತದೆ, ಗೊಂಬೆಗಳು ಹತ್ತುತ್ತವೆ, ಗಾಡಿ ಹೊರಡುತ್ತದೆ. ಗೊಂಬೆಗಳು ಹತ್ತದೆ ನಿಂತರೆ ಪರದೆಯ ಮೂಲೆಯಲ್ಲಿ ಕೆಂಪು ಗುರುತು ಬರುತ್ತದೆ. ಯಾಕೆ ಹತ್ತಲಿಲ್ಲ ಎಂದು ಹುಡುಕಿ ಸರಿಪಡಿಸುವುದು ನನ್ನ ಪಾಲಿನ ಕೆಲಸ.

ಆ ಸಲ ಬಂದದ್ದು ನಮ್ಮದೇ ಸ್ಟೇಷನ್ನು. ಗೋಕಾಕ ಕಡೆಯ ಸಣ್ಣ ಸ್ಟೇಷನ್ನು ಎಂದರೆ ಸಾಕು. ಹೆಸರು ಹೇಳಿದರೆ ದೋಷ ಅದರ ಮೇಲೆ ಹೋಗುತ್ತದೆ, ಅದು ನನಗೆ ಬೇಡ. ಬೆಳಗಿನ ಗಾಡಿ ಅಲ್ಲಿ ಈಗಿನದಕ್ಕಿಂತ ಕಡಿಮೆ ಹೊತ್ತು ನಿಂತರೆ ನಡೆದೀತೇ, ಇಲ್ಲವೇ ಪ್ಲಾಟ್‌ಫಾರ್ಮ್ ಉದ್ದ ಮಾಡಬೇಕೇ — ರೈಲ್ವೆಯ ಮೇಲಿನವರು ಕೇಳಿದ್ದು ಇಷ್ಟೇ.

ಓಡಿಸಿದೆ. ಕೆಂಪು ಬಂತು. ಕೊನೆಯ ಡಬ್ಬಿಗಳಿಗೆ ಹತ್ತಬೇಕಾದ ಗೊಂಬೆಗಳು ಗುಂಪಾಗಿ ನಿಂತೇ ಇದ್ದವು, ಗಾಡಿ ಅವನ್ನು ಬಿಟ್ಟು ಹೋಯಿತು. ಬಾಗಿಲು ತಪ್ಪು ಬದಿಗೆ ತೆರೆಯುತ್ತಿದೆಯೇ ನೋಡಿದೆ, ಇಲ್ಲ. ಗೊಂಬೆಗಳಿಗೆ ಬೇರೆ ಗಾಡಿಯ ಹೆಸರು ಕೊಟ್ಟಿದ್ದೇನೆಯೇ, ಅದೂ ಇಲ್ಲ. ನಿಲುಗಡೆಯ ಹೊತ್ತು ಹೆಚ್ಚಿಸಿದೆ, ಆಗಲೂ ಕದಲಲಿಲ್ಲ. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ತಿಳಿಯಿತು. ಪ್ಲಾಟ್‌ಫಾರ್ಮ್ ಮೊದಲೇ ಮುಗಿದುಬಿಡುತ್ತದೆ. ಕೊನೆಯ ಜನರಲ್ ಡಬ್ಬಿಗಳು ಅದರಾಚೆ, ಜಲ್ಲಿಯ ಮೇಲೆ ನಿಲ್ಲುತ್ತವೆ. ಗೊಂಬೆಗಳು ತುದಿಯವರೆಗೆ ಬಂದು, ಮುಂದೆ ಕಾಲಿಡಲು ಜಾಗವಿಲ್ಲದೆ ನಿಂತಿದ್ದವು. ಸಾಫ್ಟ್‌ವೇರಿನಲ್ಲಿ ಯಾವ ದೋಷವೂ ಇರಲಿಲ್ಲ.

ನನಗೆ ಅದು ಹೊಸ ಸುದ್ದಿಯೂ ಅಲ್ಲ — ಹೊಟ್ಟೆ ಉರಿಯುವುದು ಇದಕ್ಕೇ. ಬೇರೆ ಸೀಮೆಯವನು ಆ ಕುರ್ಚಿಯಲ್ಲಿ ಕೂತಿದ್ದರೆ, ಇಲ್ಲಿ ಹತ್ತಲು ಬರುವುದಿಲ್ಲ ಎಂದು ಬರೆದು ಎದ್ದುಹೋಗುತ್ತಿದ್ದ. ನಾನು ಆ ಜಲ್ಲಿಯ ಮೇಲಿಂದಲೇ ಹತ್ತಿ ದೊಡ್ಡವನಾದವನು. ಕಾಕು ಎಂದರೆ ನನ್ನಪ್ಪನ ತಮ್ಮನ ಹೆಂಡತಿ, ಶಾಂತವ್ವ. ಮೂಡಲಗಿ ಹತ್ತಿರದ ನಮ್ಮೂರಿನಿಂದ ಮೆಂತ್ಯ, ಸಬ್ಬಸಗಿ, ಕೊತ್ತಂಬರಿ ತುಂಬಿದ ಬುಟ್ಟಿ ಹೊತ್ತು ಬೆಳಗಾವಿ ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಶಾಲೆಗೆ ರಜೆಯಿದ್ದರೆ ನಾನೂ ಬೆನ್ನು ಹತ್ತುತ್ತಿದ್ದೆ. ಬುಟ್ಟಿಯ ಹೆಂಗಸರಿಗೆ ಒಂದು ಪದ್ಧತಿಯಿತ್ತು. ಗೋಕಾಕದ ಮುಮತಾಜ್ ಚಾಚಿ ಮೊದಲು ಹತ್ತಿ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂರುವಳು. ಉಳಿದವರು ಕೆಳಗಿನಿಂದ ಬುಟ್ಟಿ ಎತ್ತಿಕೊಟ್ಟು ಆಮೇಲೆ ಒಬ್ಬೊಬ್ಬರೇ ಹತ್ತುವರು. ಎಲ್ಲರ ಕಡೆಗೆ, ಕೊನೆಯವಳಾಗಿ, ಕಾಕು. ಯಾರ ಬುಟ್ಟಿಯೂ ಕೆಳಗೆ ಉಳಿಯದಂತೆ ನೋಡಿಕೊಳ್ಳುವುದು ಅವಳ ಪಾಲಿಗೆ ಬಂದಿತ್ತು. ನನ್ನನ್ನೂ ಸೊಂಟ ಹಿಡಿದು ಬುಟ್ಟಿಯ ಹಾಗೆಯೇ ಮೇಲೆ ಕೊಡುತ್ತಿದ್ದಳು.

ಮ್ಯಾನೇಜರ್ ಸಾಹೇಬರು ಹಿಂದೆ ಬಂದು ನಿಂತರು. "ಕೆಂಪು ಯಾಕ ಹೋಗವಲ್ದು? ಸೋಮವಾರ ತೋರಸಬೇಕು."

"ಪ್ಲಾಟ್‌ಫಾರ್ಮ್ ಸಾಲೂದಿಲ್ರಿ ಸರ್. ಕಡೀ ಡಬ್ಬಿ ಹೊರಗ ನಿಲ್ತಾವು."

"ಖರೇ ಸ್ಟೇಷನ್ನಾಗ ಮತ್ತ ಮಂದಿ ಹೆಂಗ ಹತ್ತತಾರ?"

ಆಗ ನಾನು ಆ ಮಾತು ಆಡಿದೆ — ನಗುತ್ತ ಆಡಿದೆ, ನಮ್ಮವರ ಬಗ್ಗೆ ಹೆಮ್ಮೆ ಪಡುವವನ ಹಾಗೆ. "ಖಡಿ ಮ್ಯಾಲಿಂದ ಹತ್ತತಾರ್ರಿ ಸರ್. ನಮ್ಮ ಮಂದಿಗೆ ರೂಢಿ ಐತಿ."

"ಹಂಗಾರ ಹತ್ತತಾರಂತ ಹಾಕು."

ಅದಕ್ಕೊಂದು ಚೌಕವಿತ್ತು: ನೆಲದಿಂದಲೂ ಹತ್ತಬಹುದು. ಹಾಕಿದೆ. ಹಾಗೆ ಹತ್ತಲು ಎಷ್ಟು ಹೊತ್ತು ಹಿಡಿಯುತ್ತದೆಂದು ಕೆಳಗೆ ತುಂಬಬೇಕಿತ್ತು. ಪ್ಲಾಟ್‌ಫಾರ್ಮಿನಿಂದ ಹತ್ತುವವರಿಗೆ ಇದ್ದಷ್ಟನ್ನೇ ತುಂಬಿದೆ. ಎದೆಮಟ್ಟದ ಮೆಟ್ಟಿಲನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಸೀರೆಯನ್ನು ಹಿಡಿಯಲಿಲ್ಲ, ಬುಟ್ಟಿಯನ್ನು ಹಿಡಿಯಲಿಲ್ಲ. ಎಲ್ಲರ ಕಡೆಗೆ ನಿಲ್ಲುವವಳೊಬ್ಬಳು ಇದ್ದಾಳೆ ಎಂಬುದನ್ನು — ಗೊತ್ತಿತ್ತು, ಗೊತ್ತಿದ್ದೂ — ಇಲ್ಲ. ಗೊಂಬೆಗಳು ಪಟಪಟನೆ ಹತ್ತಿದವು. ಕೆಂಪು ಹಸಿರಾಯಿತು. ಸಾಹೇಬರು ಬೆನ್ನು ತಟ್ಟಿ ಚಹಾ ತರಿಸಿದರು, ನಾನು ಕುಡಿದೆ. ಅವರನ್ನು ಬೈಯಲು ನನಗೆ ಬೇಕಾದಷ್ಟು ಮಾತುಗಳಿವೆ, ಆದರೆ ಅವರಿಗೆ ಆ ಜಲ್ಲಿ ಗೊತ್ತಿರಲಿಲ್ಲ.

ನಮ್ಮ ವರದಿ ಹೋಯಿತು. ಪ್ಲಾಟ್‌ಫಾರ್ಮ್ ಉದ್ದ ಮಾಡುವ ಮಾತು ಬಿದ್ದುಹೋಯಿತು, ನಿಲುಗಡೆಯ ಹೊತ್ತು ಕಡಿಮೆಯಾಯಿತು. ಆ ಚಳಿಗಾಲದ ಒಂದು ಬೆಳಿಗ್ಗೆ ಕಾಕು ಕೊನೆಯ ಬುಟ್ಟಿ ಎತ್ತಿಕೊಟ್ಟು ಬಾಗಿಲ ಹಿಡಿಗೆ ಕೈ ಹಾಕಿದಳು, ಗಾಡಿ ಕದಲಿತು. ಮುಮತಾಜ್ ಚಾಚಿ ಅವಳ ರಟ್ಟೆ ಬಿಡಲಿಲ್ಲ, ಅದಕ್ಕೆ ಜೀವ ಉಳಿಯಿತು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು.

ಆಸ್ಪತ್ರೆಗೆ ಹೋದೆ. ನೋಡಲು ಬಂದವರಿಗೆಲ್ಲ ಅವಳ ಗಂಡ, ನಮ್ಮ ಕಾಕಾ, "ಬುಟ್ಟಿ ಆಸೇಕ ಕಾಲ ಕಳಕೊಂಡ್ಲು" ಎನ್ನುತ್ತಿದ್ದ. ನಾನು ಮಂಚದ ಪಕ್ಕ ನಿಂತು — ನನ್ನ ನಾಲಿಗೆ ಸೇದಿ ಹೋಗಬೇಕಿತ್ತು — ಹೇಳಿದೆ: "ಗಾಡಿ ಬಿಟ್ಟಮ್ಯಾಲ ಹತ್ತಬಾರದಿತ್ತು ಕಾಕು. ಇಷ್ಟ್ಯಾಕ ಅವಸರ ಮಾಡಿದಿ?"

"ಹೌದ ಬಸೂ, ನಂದ ತಪ್ಪು," ಎಂದಳು. ಮೂರು ವರ್ಷ ಅದನ್ನೇ ಹೇಳಿಕೊಂಡು ಬದುಕಿದಳು. ನಾನು ಹಬ್ಬಕ್ಕೆ ಹೋದಾಗಲೆಲ್ಲ ಅವಳ ಕೈಯ ಊಟ ಮಾಡಿ ಬಂದೆ.

ಈ ಯುಗಾದಿಗೆ ಹೋದಾಗ ಅವಳ ಸೊಸೆ ಕಸ್ತೂರಿ, ಹುಕ್ಕೇರಿ ಕಡೆಯ ಹುಡುಗಿ, ಪಡಸಾಲೆಯಲ್ಲಿ ಕಾಕುವಿನ ಪಕ್ಕ ಕೂತು ಮರುದಿನದ ಬುಟ್ಟಿ ತುಂಬುತ್ತಿದ್ದಳು. ಸುಮ್ಮನೆ ಮಾತಿಗೆಂದು, ಈಗ ಎಲ್ಲರ ಕಡೆಗೆ ಹತ್ತುವವರು ಯಾರು ಎಂದು ಕೇಳಿದೆ.

"ನಾನ ರೀ ಭಾವಾ. ಅತ್ತೀ ಜಾಗಾ ನನಗ ಬಂದೈತಿ," ಎಂದು ಹೆಮ್ಮೆಯಿಂದ ಹೇಳಿದಳು.

ಮೈಗೆ ಬೆಂಕಿ ಬಿದ್ದಂತಾಯಿತು. ಬುಟ್ಟಿಯನ್ನು ಕಾಲಿನಿಂದ ಒದ್ದೆ. ನಾಳೆಯಿಂದ ಹೋಗಬೇಡ ಎಂದು ಮನೆ ಹಾರುವಂತೆ ಕೂಗಿದೆ. ಆ ಬಡಪಾಯಿ ಹುಡುಗಿಯ ಮೇಲೆ, ಸಿಟ್ಟು ಯಾರ ಮೇಲಿನದೋ — ಅಲ್ಲ, ಯಾರ ಮೇಲಿನದೆಂದು ಚೆನ್ನಾಗಿ ಗೊತ್ತಿತ್ತು. ಚೆಲ್ಲಿದ ಮೆಂತ್ಯದ ನಡುವೆ ಕೂತಿದ್ದ ಕಾಕು ತಲೆಯೆತ್ತಿ ನೋಡಿದಳು. "ಅಕಿ ಮ್ಯಾಲ ಯಾಕ ಒದರತಿ? ಏನಾತು ನಿನಗ?"

ಆಗ ಎಲ್ಲ ಹೇಳಿದೆ. ಗೊಂಬೆ, ಕೆಂಪು, ಚೌಕ, ಚಹಾ, ಆಸ್ಪತ್ರೆಯಲ್ಲಿ ಆಡಿದ ಮಾತು. ಮುಗಿದ ಮೇಲೆ ಕಾಕು ಒಂದೇ ಕೇಳಿದಳು. "ಆ ಗೊಂಬಿ ಯಾಕ ಹತ್ತಲಿಲ್ಲಂದಿ?"

"ಕಾಲಿಡಾಕ ಜಾಗಾ ಇದ್ದಿಲ್ಲ ಕಾಕು."

"ನಿಂತಿದ್ವಲ್ಲೋ," ಎಂದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡೇ ಇರಲಿಲ್ಲ. "ನಿಂದರಾಕ ಬಿಡಬೇಕಿತ್ತು. ನನ್ನ ಮಾರಿ ಏನ್ ನೋಡತಿ? ಇಕಿ ಮಾರಿ ನೋಡು. ನಾಳೆ ಹತ್ತಾಕಿ ಇಕಿ."

ಕಚೇರಿಗೆ ಹೋಗಿ ಆ ಗುರುತು ತೆಗೆದು ಮತ್ತೆ ಓಡಿಸಿದೆ. ಗೊಂಬೆಗಳು ತುದಿಗೆ ಬಂದು ನಿಂತವು. ಈ ಸಲ ಕೈ ಹಚ್ಚಲಿಲ್ಲ. ಹಿಂದಿನ ವರದಿ ಸುಳ್ಳು, ಸುಳ್ಳು ಮಾಡಿದವನು ನಾನು ಎಂದು ನನ್ನ ಹೆಸರಿನಲ್ಲೇ ಮೇಲಿನವರಿಗೆ ಕಳಿಸಿದೆ. ಹಳೆಯದನ್ನು ಯಾಕೆ ಕೆದರುತ್ತೀ ಎಂದು ಸಾಹೇಬರು ಕೂಗಾಡಿ, ಕೆಲಸಕ್ಕೆ ಬರಬೇಡ ಎಂದರು. ಮೇಲಿನಿಂದ ಇನ್ನೂ ಉತ್ತರ ಬಂದಿಲ್ಲ.

ಈಗ ಊರಲ್ಲಿದ್ದೇನೆ. ಕಾಕು ನನ್ನೊಡನೆ ಮಾತಾಡುವುದಿಲ್ಲ. ಮಾತಾಡು ಎಂದು ಕೇಳುವ ಮುಖ ನನಗಿಲ್ಲ. ಬೆಳಿಗ್ಗೆ ಹೆಂಗಸರ ಜೊತೆ ಸ್ಟೇಷನ್ನಿಗೆ ಹೋಗಿ, ಪ್ಲಾಟ್‌ಫಾರ್ಮ್ ಮುಗಿಯುವಲ್ಲಿ ಇಳಿದು ಜಲ್ಲಿಯ ಮೇಲೆ ನಿಲ್ಲುತ್ತೇನೆ. ಬುಟ್ಟಿಗಳನ್ನು ನಾನು ಎತ್ತಿಕೊಡುತ್ತೇನೆ, ಕಸ್ತೂರಿ ಮೊದಲೇ ಹತ್ತುತ್ತಾಳೆ. ಎಲ್ಲರ ಕಡೆಗಿನ ಜಾಗ ಈಗ ನನ್ನದು. ಗಾಡಿ ಹೊರಡುತ್ತದೆ, ನಾನು ಹತ್ತುವುದಿಲ್ಲ, ಅಲ್ಲೇ ನಿಂತಿರುತ್ತೇನೆ.