ಗಿಡ್ಡಯ್ಯನ ನಿಧಾನದ ಚಾರ್ಜು

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದೆ ಬ್ಯಾಟರಿ ಚಾರ್ಜ್ ಮಾಡುವ ಗಿಡ್ಡಯ್ಯನಷ್ಟು ನಿಧಾನದ ಮನುಷ್ಯ ಹಾಸನ ಜಿಲ್ಲೆಯಲ್ಲೇ ಇಲ್ಲ. ಅವನ ಅಂಗಡಿಯೊಳಗೆ ಹೋದರೆ ಗಡಿಯಾರಕ್ಕೂ ತೂಕಡಿಕೆ ಬರುತ್ತದೆ. ಲಾರಿ ಬ್ಯಾಟರಿಗಳಿಗೆ ದೊಡ್ಡ ಚಾರ್ಜರು. ನನ್ನ ಮೋಟಾರ್ ಸೈಕಲ್ಲಿನ ಆರು ವೋಲ್ಟಿನ ಬ್ಯಾಟರಿಗೆ ಮೂಲೆಯಲ್ಲಿರುವ ಸಣ್ಣದು, ಅದರಲ್ಲಿ ಎರಡು ದಿನ. "ದೊಡ್ಡದಕ್ಕೇ ಹಾಕಯ್ಯ, ಸಂಜೆಗೆ ಬೇಕು" ಎಂದು ಗದರಿದರೆ, "ಎಳೇ ಮಗೀಗೆ ಗೇಯೋ ಆಳಿನ ಮುದ್ದೆ ತುರುಕ್ತಾರಾ ಸಾ?" ಎನ್ನುತ್ತಾನೆ. "ನೀನ್ ಬ್ಯಾಟ್ರಿ ತುಂಬೋ ಒತ್ಗೆ ನನ್ ಗಾಡಿ ಗುಜ್ರಿಗೆ ಓಯ್ತದೆ ಕಣ್ಲಾ" ಎಂದು ಬೈದರೂ ನಗುತ್ತಾನೆ. ನಗುತ್ತಲೇ ಮುಚ್ಚಳ ಬಿಚ್ಚಿ ಡಿಸ್ಟಿಲ್ ವಾಟರ್ ಹನಿಸುತ್ತಾನೆ, ಕಿಟಕಿ ತೆರೆಯುತ್ತಾನೆ, ಬೀಡಿ ಸೇದುವವರನ್ನು ರಸ್ತೆಗೆ ಅಟ್ಟುತ್ತಾನೆ. ಚಾರ್ಜು ತುಂಬಿತೆಂದು ಹೇಳುವವಳು ಮಾತ್ರ ಅವನ ಹೆಂಡತಿ ಪಾಪಮ್ಮ. ಗೋಡೆಯ ಪಕ್ಕ ಸೆರಗು ಮುಂದೆಳೆದು ಕೂತವಳು ಬ್ಯಾಟರಿಯ ಗುಳ್ಳೆಗಳ ಸದ್ದಿಗೆ ಕಿವಿಗೊಟ್ಟು, "ಸಾಕು, ತೆಗೀರಿ" ಎನ್ನುತ್ತಾಳೆ. ಮೀಟರಿದ್ದೂ ಈ ನಾಟಕ ಯಾಕೆಂದು ಮೊನ್ನೆ ನಾನು ಕೂಗಾಡಿಬಿಟ್ಟೆ. ಗಿಡ್ಡಯ್ಯ ತಲೆ ತಗ್ಗಿಸಿದ. "ಮೂರು ವರ್ಸದ ಇಂದೆ ಇಂತದೇ ಸಣ್ ಬ್ಯಾಟ್ರೀನ ಬಿರ್ನೆ ಆಗ್ಲಿ ಅಂತ ದೊಡ್ಡದಕ್ಕೆ ಆಕ್ಬುಟ್ಟೆ ಸಾ. ಸಿಡಿದು, ಆಸಿಡ್ಡು ಇವಳ ಕಣ್ಣಿಗೆ ಬಿತ್ತು. ಎರಡೂ ಓದ್ವು. ಈಗ ಕಿವೀಲೇ ಕೆಲಸ ಮಾಡ್ತಾಳೆ." ಪಾಪಮ್ಮ ಗೋಡೆಯ ಕಡೆಯಿಂದಲೇ, "ಅವರ್ನ ಬೈಬ್ಯಾಡಿ ಸಾ. ತೌರಿನ ಬಸ್ ತಪ್ತದೆ, ಬಿರ್ನೆ ಮುಗ್ಸಿ ಅಂದೋಳು ನಾನೇ" ಎಂದಳು. ಗಿಡ್ಡಯ್ಯ ಅವಳತ್ತ ತಿರುಗಿ ಮೆಲ್ಲಗೆ, "ನೀನು ಅವತ್ತು ಬಾಯೇ ಬುಟ್ಟಿರ್ನಿಲ್ಲ ಕಣಮ್ಮಿ. ಯಾಕ್ ದಿನಾ ಸುಳ್ಳೇಳ್ತೀಯಾ?" ಎಂದ.